ದೂರು, ದಂಡ ಮತ್ತು ಮರಳುವ ದಾರಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಕನ್ನಡ, ತೆಲುಗು ಎರಡನ್ನೂ ಆಡುವ ಈ ಸೀಮೆಯಲ್ಲಿ, ಸರ್ಕಾರಿ ನ್ಯಾಯಾಲಯಗಳು ಬೇರೂರುವ ಮುನ್ನ, ಒಬ್ಬರ ನಡತೆಯ ಮೇಲೆ ಬಂದ ದೂರನ್ನು ವಿಚಾರಿಸುವ ಅಧಿಕಾರ ಬಹುಮಟ್ಟಿಗೆ ಕುಲದ ಯಜಮಾನರದಾಗಿತ್ತು. 1800ರಲ್ಲಿ ಚಿಕ್ಕಬಳ್ಳಾಪುರವನ್ನು ಹಾದುಹೋದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಮೈಸೂರು ಸೀಮೆಯ ಕುಲಗಳಿಗೆ ವಂಶಪಾರಂಪರ್ಯದ ಮುಖ್ಯಸ್ಥರಿದ್ದು, ದಂಡ ಹಾಕುವ ಮತ್ತು ಕುಲದಿಂದ ಹೊರಗಿಡುವ ಹಕ್ಕು ಅವರಿಗಿದ್ದುದನ್ನು ದಾಖಲಿಸಿದ್ದಾನೆ.

ಹಲವು ಊರುಗಳ ಕುಲಬಾಂಧವರನ್ನು ಒಳಗೊಂಡ ಇಂಥ ನ್ಯಾಯವ್ಯಾಪ್ತಿಗೆ ಕೆಲವು ಕುಲಗಳಲ್ಲಿ ಕಟ್ಟೆಮನೆ ಎಂಬ ಹೆಸರಿತ್ತು. ಕಟ್ಟೆಮನೆಯ ಕೂಟಕ್ಕೆ ಜನರನ್ನು ಕರೆತರುವವನು ಕೋಲುಕಾರ. ಆರೋಪಿ ಎದುರಿಗೆ ನಿಂತು ಉತ್ತರ ಕೊಡುತ್ತಿದ್ದನು. ತಪ್ಪು ಸ್ಥಿರಪಟ್ಟರೆ ದಂಡ ತೆರಬೇಕಿತ್ತು, ಇಲ್ಲವೇ ಬಹಿಷ್ಕಾರಕ್ಕೆ, ಅಂದರೆ ಕೊಡುಕೊಳ್ಳುವಿಕೆ ಮತ್ತು ಸಹಭೋಜನ ಎರಡೂ ನಿಂತುಹೋಗುವ ಸ್ಥಿತಿಗೆ, ಒಳಗಾಗಬೇಕಿತ್ತು. ಆದರೆ ಹೊರಗಾದವನು ದಂಡ ತೆತ್ತು, ತೀರ್ಥ ಸೇವಿಸಿ, ಕೆಲವೆಡೆ ಕಾಯಿಸಿದ ಚಿನ್ನದ ಚೂರನ್ನು ನಾಲಿಗೆಗೆ ಮುಟ್ಟಿಸಿಕೊಂಡು, ಕುಲದವರಿಗೆ ಊಟ ಹಾಕಿ ಮರಳಿ ಸೇರಬಹುದಿತ್ತು.

ಇದನ್ನು ಸುವರ್ಣಯುಗವೆಂದು ಬಗೆಯುವಂತಿಲ್ಲ. ಮೈಸೂರು ಸಂಸ್ಥಾನದಲ್ಲಿ ಸಮಯಾಚಾರ ಎಂಬ ಹೆಸರಿನಲ್ಲಿ ಕುಲದಂಡಗಳ ವಸೂಲಿಯನ್ನೇ ಗುತ್ತಿಗೆ ಕೊಡಲಾಗುತ್ತಿತ್ತು. ದೂರು ಹೆಚ್ಚಿದಷ್ಟೂ ಗುತ್ತಿಗೆದಾರನ ಆದಾಯವೂ ಹೆಚ್ಚುತ್ತಿದ್ದ ಕಾರಣ ಶೀಲದ ಆರೋಪ ಹೊತ್ತ ಹೆಂಗಸರು ಸುಲಭವಾಗಿ ಬಲಿಯಾದರು. ಕುಲದಿಂದ ತಳ್ಳಿಸಿಕೊಂಡವರನ್ನು ಮಾರುವ ಕ್ರೌರ್ಯವೂ ನಡೆದು, ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ ಈ ಗುತ್ತಿಗೆ ಕೊನೆಗೊಂಡಿತು. ನ್ಯಾಯ ಹೇಳುವವನಿಗೇ ಆರೋಪದಿಂದ ಲಾಭವಾಗುವ ಏರ್ಪಾಡಿನಲ್ಲಿ ನಿರಪರಾಧಿಗೆ ರಕ್ಷಣೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಈ ಸಾಕ್ಷಿ ಇಂದಿಗೂ ಸಲ್ಲುತ್ತದೆ. ಕುಲಕ್ಕೆ ಬದಲಾಗಿ ಒಂದೇ ಹವ್ಯಾಸದಿಂದ ಬೆಸೆದ ಅಂತರಜಾಲದ ಕೂಟಗಳಲ್ಲಿ, ಆಟಗಾರರ ಬಳಗಗಳಲ್ಲಂತೂ ವಿಶೇಷವಾಗಿ, ದೂರು ಮತ್ತು ಬಹಿಷ್ಕಾರ ಮತ್ತೆ ತಲೆಯೆತ್ತಿವೆ. 2014ರಲ್ಲಿ 'ಗೇಮರ್‌ಗೇಟ್' ಎಂದು ಹೆಸರಾದ ಪ್ರಕರಣದಲ್ಲಿ, ವಿಡಿಯೊ ಆಟ ರೂಪಿಸುವ ಮಹಿಳೆಯೊಬ್ಬರ ಮೇಲೆ ಹರಡಿದ ಸುಳ್ಳು ಆರೋಪ ಕೊಲೆಬೆದರಿಕೆಯಾಗಿ ಬೆಳೆದು, ಅವರು ಮನೆ ತೊರೆಯುವಂತಾಯಿತು. ಭಾರತದಲ್ಲಿ ಮಹಿಳೆಯನ್ನು ಅಂತರಜಾಲದಲ್ಲಿ ಬೆನ್ನಟ್ಟುವುದು 2013ರಿಂದ ಶಿಕ್ಷಾರ್ಹ ಅಪರಾಧ. ಆದರೂ ಕಾನೂನು ತಲುಪುವ ಮೊದಲೇ ಸಾವಿರಾರು ಅಪರಿಚಿತರು ತೀರ್ಪು ಕೊಟ್ಟಾಗಿರುತ್ತದೆ.

ಕಟ್ಟೆಮನೆಯ ಪುರುಷಪ್ರಾಬಲ್ಯವೂ ಕುಲಾಭಿಮಾನವೂ ಮರಳಿ ಬರಬಾರದು. ನೊಂದವರ ದೂರನ್ನು ಅದುಮಬಾರದು ಎಂಬುದೂ ಅಷ್ಟೇ ಮುಖ್ಯ. ಆದರೆ ದೂರಿತ್ತವರನ್ನೂ ದೂರಿಗೊಳಗಾದವರನ್ನೂ ಎದುರಿಗೆ ಕೂರಿಸಿ ಕೇಳುವುದು, ತಪ್ಪಿನ ತೂಕಕ್ಕೆ ತಕ್ಕಂತೆ ದಂಡ ಗೊತ್ತುಮಾಡುವುದು, ದಂಡ ತೆತ್ತ ದಿನ ಪಂಕ್ತಿಯಲ್ಲಿ ಮತ್ತೆ ಎಲೆ ಹಾಕುವುದು, ಇವು ಆ ಕೂಟ ತನ್ನ ಅತ್ಯುತ್ತಮ ಗಳಿಗೆಗಳಲ್ಲಿ ಬಲ್ಲ ಸಂಗತಿಗಳು. ಹೊಸ ಕೂಟಗಳು ಇವನ್ನಿನ್ನೂ ಕಲಿಯಬೇಕಾಗಿದೆ.