ನಳಿಗೆ ಬದಲಾದ ಕೋವಿಗಳು

ಕಳಲೆ ಎಂದರೆ ಬಿದಿರಿನ ಎಳೆಯ ಮೊಳಕೆ. ಅದರ ಪಲ್ಯದ ರುಚಿಯನ್ನು ಉಂಡವರೇ ಬಲ್ಲರು. ನಂಜನಗೂಡಿನ ಸಮೀಪದಲ್ಲಿ ಇದೇ ಹೆಸರಿನ ಊರೊಂದಿದೆ. ಲಕ್ಷ್ಮೀಕಾಂತಸ್ವಾಮಿಯ ದೇವಾಲಯವನ್ನು ಬಿಟ್ಟರೆ ಹಳೆಯ ವೈಭವವನ್ನು ಹೇಳುವಂಥದು ಅಲ್ಲಿ ಈಗ ಹೆಚ್ಚೇನೂ ಉಳಿದಿಲ್ಲ. ಆದರೆ ಮೈಸೂರಿನ ಅರಸರಿಗೂ ಈ ಊರಿನ ಮನೆತನಕ್ಕೂ 17ನೆಯ ಶತಮಾನದಲ್ಲಿ ಆದ ಒಡಂಬಡಿಕೆಯಂತೆ, ರಾಜ್ಯದ ದಳವಾಯಿಗಳು ಬಹುಕಾಲ ಕಳಲೆಯಿಂದಲೇ ಬಂದರು. 18ನೆಯ ಶತಮಾನದ ನಡುವಿನಲ್ಲಿ ದೇವರಾಜಯ್ಯ, ಕರಾಚೂರಿ ನಂಜರಾಜಯ್ಯ ಸೋದರರು ಅರಸನ ಹೆಸರಿನಲ್ಲಿ ತಾವೇ ನಾಡನ್ನಾಳಿದರು. 1749ರಲ್ಲಿ ನಂಜರಾಜಯ್ಯನ ಸೈನ್ಯ ದೇವನಹಳ್ಳಿಯನ್ನು ಮುತ್ತಿದಾಗ ಅಲ್ಲಿ ಕೈಚಳಕ ತೋರಿ ಮೇಲೆ ಬಂದ ಸೈನಿಕನೇ ಹೈದರ್ ಅಲಿ. ಮುಂದೆ ದಳವಾಯಿಗಳ ಅಧಿಕಾರವನ್ನು ಮುಗಿಸಿದವನೂ ಅವನೇ.

ಇಲ್ಲಿ ನಾನು ಹೇಳಹೊರಟಿರುವುದು ಯುದ್ಧದ ಕಥೆಯಲ್ಲ, ಕೋವಿಯ ನಳಿಗೆಯ ಕಥೆ. ದಳವಾಯಿಗಳ ಕಾಲದ ಬತ್ತಿಕೋವಿಯಿಂದ ಹಿಡಿದು ನಮ್ಮ ಕಾಲದ ಬೋಲ್ಟು ಕೋವಿಯವರೆಗೆ ಎಲ್ಲಕ್ಕೂ ನಳಿಗೆಯೇ ಜೀವಾಳ. ಹಿಂದೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಸಲಾಕೆಯೊಂದಕ್ಕೆ ಹಗ್ಗ ಸುತ್ತುವಂತೆ ಸುತ್ತಿ, ಬಡಿದು ಬೆಸೆದು ನಳಿಗೆ ಮಾಡುತ್ತಿದ್ದರು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಬೇಟೆಯ ಕೋವಿಗಳು 1799ರ ನಂತರ ಇಂಗ್ಲೆಂಡಿಗೆ ಹೋದವು. ಹುಲಿಯ ಪಟ್ಟೆಗಳ ಅಲಂಕಾರದೊಡನೆ, ‘ಪಟ್ಟಣದಲ್ಲಿ ಮಾಡಿದ್ದು’ ಎಂಬ ಬರಹ ಹೊತ್ತ ಅಂಥ ಕೋವಿಗಳನ್ನು ಅಲ್ಲಿನ ಸಂಗ್ರಹಗಳಲ್ಲಿ ಇಂದಿಗೂ ಕಾಣಬಹುದು. ಅದೇ ಟಿಪ್ಪುವಿನ ಪಟ್ಟದಾನೆಯ ಕಣ್ಣನ್ನು ನಂಜುಂಡೇಶ್ವರನು ವಾಸಿಮಾಡಿದನೆಂದೂ, ಅದಕ್ಕಾಗಿಯೇ ಸ್ವಾಮಿಗೆ ಹಕೀಂ ನಂಜುಂಡನೆಂಬ ಹೆಸರು ಬಂದಿತೆಂದೂ ಹೇಳುವ ಐತಿಹ್ಯ ನಂಜನಗೂಡಿನವರಿಗೆಲ್ಲ ಗೊತ್ತು.

ಆನೆಯ ಮಾತು ಬಂದದ್ದು ಒಳ್ಳೆಯದೇ ಆಯಿತು. ದೊಡ್ಡ ನಳಿಗೆಯ ಅಗತ್ಯ ಬಿದ್ದದ್ದೇ ಆನೆ, ಕಾಟಿಗಳ ಎದುರಿನಲ್ಲಿ. ಹಳೆಯ ಲೆಕ್ಕದಲ್ಲಿ ‘ಬೋರು’ ಎಂದರೆ ಒಂದು ಪೌಂಡು ಸೀಸದಲ್ಲಿ ನಳಿಗೆಯ ಅಳತೆಯ ಗುಂಡುಗಳು ಎಷ್ಟಾಗುತ್ತವೆ ಎಂಬ ಸಂಖ್ಯೆ. ಹನ್ನೆರಡು ಬೋರಿಗೆ ಹನ್ನೆರಡು ಗುಂಡು, ನಾಲ್ಕು ಬೋರಿಗೆ ನಾಲ್ಕೇ. ಅಂದರೆ ಒಂದೊಂದು ಗುಂಡೂ ಕಾಲು ಪೌಂಡು! 1874ರಲ್ಲಿ ಚಾಮರಾಜನಗರದ ಹತ್ತಿರ ಖೆಡ್ಡಾ ನಡೆಸಿ ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದ ಜಿ. ಪಿ. ಸ್ಯಾಂಡರ್ಸನ್ ಸಾಹೇಬ ಪುಂಡಾನೆಗಳ ಮೇಲೆ ಹೋಗುವಾಗ ನಾಲ್ಕು ಬೋರು, ಎಂಟು ಬೋರುಗಳ ಕೋವಿಗಳನ್ನೇ ಒಯ್ಯುತ್ತಿದ್ದ. ಅವು ಹದಿನಾರು ಹದಿನೇಳು ಪೌಂಡು ತೂಗುವಂಥವು. ಅಷ್ಟು ಭಾರವಿಲ್ಲದಿದ್ದರೆ ಈಡು ಹೊಡೆದವನ ಭುಜವೇ ಉಳಿಯುತ್ತಿರಲಿಲ್ಲ. ಕರಿಮದ್ದಿನ ಹೊಗೆ ಕವಿದು ಕ್ಷಣಕಾಲ ಮುಂದೇನಿದೆಯೆಂದು ಕಾಣದಿರುವುದು ಇನ್ನೊಂದು ಅಪಾಯ.

19ನೆಯ ಶತಮಾನದ ಕೊನೆಯಲ್ಲಿ ಹೊಗೆಯಿಲ್ಲದ ಮದ್ದು ಬಂದು ಇದೆಲ್ಲವನ್ನೂ ಬದಲಾಯಿಸಿತು. 1898ರಲ್ಲಿ ರಿಗ್ಬಿ ಕಂಪನಿಯವರು .450 ನೈಟ್ರೊ ಎಂಬ ತೋಟಾವನ್ನು ಹೊರತಂದರು. 480 ಗ್ರೇನ್ ತೂಕದ ಗುಂಡು, ಸೆಕೆಂಡಿಗೆ ಸುಮಾರು 2150 ಅಡಿ ವೇಗ. ಹತ್ತು ಹನ್ನೊಂದು ಪೌಂಡಿನ ಜೋಡುನಳಿಗೆಯಿಂದಲೇ ಆನೆಯ ತಲೆಬುರುಡೆಯನ್ನು ಭೇದಿಸುವ ಶಕ್ತಿ ಇದಕ್ಕಿತ್ತು. ಹಿಂದೂಸ್ಥಾನದ ಶಿಕಾರಿಗಳು ಇದನ್ನು ಬಲು ಬೇಗ ಮೆಚ್ಚಿಕೊಂಡರು.

ಆದರೆ 1907ರಲ್ಲಿ ಸರ್ಕಾರದ ಆಜ್ಞೆಯೊಂದು ಹೊರಟಿತು. ಹಿಂದೂಸ್ಥಾನಕ್ಕಾಗಲಿ ಸೂಡಾನಿಗಾಗಲಿ .450 ವ್ಯಾಸದ ಕೋವಿಯನ್ನೂ ತೋಟಾವನ್ನೂ ತರಕೂಡದು! ಆನೆಗಳ ಮೇಲಿನ ಕನಿಕರ ಇದಕ್ಕೆ ಕಾರಣವಲ್ಲ. ಬ್ರಿಟಿಷ್ ಸೈನ್ಯ ಹಿಂದೆ ಬಳಸಿದ್ದ ಮಾರ್ಟಿನಿ ಹೆನ್ರಿ ಕೋವಿಯ ನಳಿಗೆಯೂ ಇದೇ ಅಳತೆಯದು. ಅಂಥ ಕೋವಿಗಳು ಎಷ್ಟೋ ದಂಗೆಕೋರರ ಕೈ ಸೇರಿದ್ದವು. ಬೇಟೆಯ ತೋಟಾದಿಂದ ಗುಂಡನ್ನು ಕಿತ್ತು ಆ ಕೋವಿಗಳಿಗೆ ತುಂಬಿಕೊಂಡಾರು ಎಂಬುದು ಸರ್ಕಾರದ ಭಯ. ಪ್ರಜೆಯ ಕೈಗೆ ಆಯುಧ ಸಿಕ್ಕೀತೆಂಬ ಈ ದಿಗಿಲು ಹೊಸದೇನಲ್ಲ. 1857ರ ನಂತರ ಬಂದ, ಅದರಲ್ಲಿಯೂ 1878ರ ಆಯುಧ ಕಾಯಿದೆಯಲ್ಲಿ ಎದ್ದುಕಾಣುವ ಧೋರಣೆಯೇ ಅದು. ಮೈಸೂರು ಒಡೆಯರ ರಾಜ್ಯವಾಗಿದ್ದರೂ ಅದಕ್ಕೆ ತನ್ನದೆಂಬ ಬಂದರು ಇರಲಿಲ್ಲ. ಮದರಾಸು ಮುಂಬಯಿಗಳಲ್ಲಿ ಇಳಿಯದೆ ಇಲ್ಲಿಗೆ ವಿಲಾಯತಿಯ ಕೋವಿ ಬರುವಂತಿರಲಿಲ್ಲ. ಹೀಗಾಗಿ ಇಂಗ್ಲಿಷರ ಭಯ ನಮ್ಮ ಕಾಡುಗಳ ಶಿಕಾರಿಯ ಅಳತೆಯನ್ನೂ ನಿರ್ಧರಿಸಿತು.

ಲಂಡನ್ನಿನ ಕೋವಿ ತಯಾರಕರಿಗೆ ಇದು ಹೊಟ್ಟೆಯ ಪ್ರಶ್ನೆ. ಅವರ ದೊಡ್ಡ ಗಿರಾಕಿ ಹಿಂದೂಸ್ಥಾನವೇ. ಕಾಯಿದೆ ಅಳೆಯುತ್ತಿದ್ದುದು ವ್ಯಾಸವನ್ನು. ಸರಿ, ವ್ಯಾಸವನ್ನೇ ತುಸು ಬದಲಾಯಿಸಿದರು. ಹಾಲೆಂಡ್ ಅಂಡ್ ಹಾಲೆಂಡಿನವರದು .465, ಜೋಸೆಫ್ ಲ್ಯಾಂಗ್‌ನವರದು .470, ಜೆಫ್ರಿಯವರದು .475, ವೆಸ್ಟ್ಲಿ ರಿಚರ್ಡ್ಸ್‌ನವರದು .476. ಒಂದೊಂದು ಕಂಪನಿಗೂ ಒಂದೊಂದು ಅಳತೆ! ಗುಂಡಿನ ತೂಕ, ವೇಗಗಳನ್ನು ನೋಡಿದರೆ ಅಣ್ಣತಮ್ಮಂದಿರಂತೆ ಎಲ್ಲವೂ ಒಂದೇ. ಅಧಿಕಾರಿಯೊಬ್ಬನ ಒಂದು ಸಾಲಿನಿಂದ ಅರ್ಧ ಡಜನ್ ತೋಟಾಗಳು ಹುಟ್ಟಿಕೊಂಡದ್ದು ಕೋವಿಯ ಇತಿಹಾಸದ ಒಂದು ತಮಾಷೆಯೆಂದೇ ನನಗೆ ತೋರುತ್ತದೆ.

ಹೊಸದಾಗಿ ಕೊಳ್ಳುವವನಿಗೆ ತೊಂದರೆಯಿಲ್ಲ. ಮೊದಲೇ .450 ಕೊಂಡವನ ಗತಿಯೇನು? ಕೋವಿ ಮನೆಯಲ್ಲಿದೆ, ತೋಟಾ ಬರುವುದಿಲ್ಲ. ಅವನಿಗೆ ಉಳಿದ ದಾರಿ ಎರಡು. ಇರುವ ನಳಿಗೆಯನ್ನೇ ಕೊರೆದು ಹಿರಿದು ಮಾಡಿಸುವುದು ಒಂದು, ನಳಿಗೆಯನ್ನೇ ತೆಗೆದು ಹೊಸದನ್ನು ಹಾಕಿಸುವುದು ಇನ್ನೊಂದು. ಹಳೆಯ ರೇಡಿಯೋವಿನಲ್ಲಿ ಸುಟ್ಟ ವಾಲ್ವನ್ನು ಕಿತ್ತು ಬೇರೊಂದನ್ನು ಕೂರಿಸಿದಂತೆ ಇದು ಸುಲಭವೆಂದು ತಿಳಿಯಬಾರದು. ಜೋಡುನಳಿಗೆಯ ಎರಡು ಕೊಳವೆಗಳೂ ಸುಮಾರು ನೂರು ಗಜದೊಳಗೆ ಒಂದೇ ಕಡೆ ಈಡು ಹಾಕಬೇಕು. ಅದಕ್ಕಾಗಿ ಈಡು ಹೊಡೆದು ನೋಡುವುದು, ಬೆಸುಗೆ ಬಿಚ್ಚಿ ಕೂದಲೆಳೆಯಷ್ಟು ಸರಿಸುವುದು, ಮತ್ತೆ ಬೆಸೆದು ಈಡು ಹೊಡೆಯುವುದು. ದಿನಗಟ್ಟಲೆಯ ಕೆಲಸ.

ಒಂಟಿ ನಳಿಗೆಯ ಬೋಲ್ಟು ಕೋವಿಯದು ಬೇರೆ ರೀತಿ. ಅಲ್ಲಿ ನಳಿಗೆಗೆ ತಿರುಪು ಇರುತ್ತದೆ. ಹಳೆಯದನ್ನು ಬಿಗಿಹಿಡಿದು ತಿರುಗಿಸಿ ತೆಗೆದು, ಹೊಸದಕ್ಕೆ ಅದೇ ತಿರುಪನ್ನು ಕಡೆದು ಕೂರಿಸುತ್ತಾರೆ. ಆಮೇಲೆ ತೋಟಾ ಕೂರುವ ಗೂಡನ್ನು ಕೊರೆಯಬೇಕು. ಗೂಡಿಗೂ ಬೋಲ್ಟಿನ ಮುಖಕ್ಕೂ ನಡುವಣ ಸಂದು ಒಂದು ಕಾಗದದ ದಪ್ಪದಷ್ಟು ಹೆಚ್ಚಾದರೂ ಹಿತ್ತಾಳೆಯ ತೋಟಾ ಹಿಗ್ಗಿ ಒಡೆಯಬಹುದು. ಬಿಸಿ ಅನಿಲ ಹೊಡೆದವನ ಕಣ್ಣಿಗೇ ನುಗ್ಗಬಹುದು. ತೋಟಾದ ಬುಡ ದಪ್ಪವಾಗಿದ್ದರೆ ಬೋಲ್ಟಿನ ಮುಖವನ್ನು ಅಗಲಿಸಬೇಕು, ಉದ್ದವಾಗಿದ್ದರೆ ತೋಟಾದ ಪೆಟ್ಟಿಗೆಯನ್ನು ಬದಲಿಸಬೇಕು. ಹಿಂದಕ್ಕೆ ಒದೆಯುವ ಪೆಟ್ಟಿಗೆ ಕೋವಿಯ ಮರ ಸೀಳದಂತೆ ಕಬ್ಬಿಣದ ಆಧಾರ ಕೊಡಬೇಕು. ಇಷ್ಟಾದ ಮೇಲೂ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹದಲ್ಲಿ ಹೆಚ್ಚಿನ ಮದ್ದಿನಿಂದ ಈಡು ಹೊಡೆದು, ತಾಳಿಕೊಂಡರೆ ಮಾತ್ರ ಮುದ್ರೆ ಒತ್ತುತ್ತಿದ್ದರು.

ನಮ್ಮ ಸೆಕೆಯದು ಇನ್ನೊಂದು ಸಮಸ್ಯೆ. ಕಾರ್ಡೈಟ್ ಮದ್ದು ಬಿಸಿಲಿಗೆ ಕಾದಷ್ಟೂ ಒತ್ತಡ ಏರುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಸುರಕ್ಷಿತವಾದ ತೋಟಾ ಬೇಸಗೆಯಲ್ಲಿ ಖಾಲಿ ತೋಟಾ ಹೊರಬರದಂತೆ ಕಚ್ಚಿಕೊಂಡರೆ, ಗಾಯಗೊಂಡ ಕಾಟಿಯ ಎದುರಿನಲ್ಲಿ ಶಿಕಾರಿಯ ಕೈಯಲ್ಲಿ ಉಳಿಯುವುದು ಒಂದು ದೊಣ್ಣೆ ಮಾತ್ರ. ಆದ್ದರಿಂದ ಉಷ್ಣದೇಶಗಳಿಗೆಂದೇ ಮದ್ದು ಕಡಿಮೆ ಮಾಡಿದ ತೋಟಾಗಳನ್ನು ಕಳುಹಿಸುತ್ತಿದ್ದರು.

ಎಲ್ಲರೂ ದೊಡ್ಡ ನಳಿಗೆಯ ಹಿಂದೆ ಹೋದರೆಂದಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ತಮ್ಮ ಬಹುಪಾಲು ಶಿಕಾರಿಯನ್ನು ಅಮೆರಿಕದ .405 ವಿಂಚೆಸ್ಟರ್ ಒಂದರಿಂದಲೇ ಮಾಡಿದರು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ನಳಿಗೆ ಬದಲಿಸುವ ಕೆಲಸಕ್ಕೆ ಮತ್ತೊಮ್ಮೆ ಬೇಡಿಕೆ ಬಂತು. ಸಾಮ್ರಾಜ್ಯ ಕರಗಿತು, ಇಂಗ್ಲೆಂಡಿನ ಕೈನಾಕ್ ಕಾರ್ಖಾನೆ 1960ರ ದಶಕದಲ್ಲಿ ದೊಡ್ಡ ತೋಟಾಗಳ ತಯಾರಿಕೆಯನ್ನು ಒಂದೊಂದಾಗಿ ಕೈಬಿಟ್ಟಿತು. ಅತ್ತ 1956ರಲ್ಲಿ ಅಮೆರಿಕದಲ್ಲಿ .458 ವಿಂಚೆಸ್ಟರ್ ಬಂದಿತ್ತು. ಸಾಮಾನ್ಯ ಉದ್ದದ ಮೌಸರ್ ಕೋವಿಗೂ ಹೊಂದುವ ಗಿಡ್ಡ ತೋಟಾ ಅದು. ಹಲವು ದೇಶಗಳಲ್ಲಿ ಹಳೆಯ ಮೌಸರ್‌ಗಳ ನಳಿಗೆ ತೆಗೆದು ಇದರ ನಳಿಗೆ ಹಾಕಿಸಿಕೊಂಡರು. ಇದರ ಗುಂಡಿನ ವ್ಯಾಸವನ್ನು ಅಳೆದರೆ 1907ರಲ್ಲಿ ನಿಷೇಧವಾದ .450ರ ಗುಂಡಿನದೇ!

ಭಾರತದಲ್ಲಿ 1959ರ ಆಯುಧ ಕಾಯಿದೆ ಬಂತು. ಪರವಾನಗಿ ಇಲ್ಲದವನು ಕೋವಿಯನ್ನು ತಯಾರಿಸುವುದಷ್ಟೇ ಅಲ್ಲ, ಮಾರ್ಪಡಿಸುವುದೂ ರಿಪೇರಿ ಮಾಡುವುದೂ ಅದರ ಪ್ರಕಾರ ಅಪರಾಧ. ಕೋವಿಯ ಮೇಲಿನ ಗುರುತನ್ನು ಅಳಿಸುವುದೂ ಅಪರಾಧವೇ. ಊರ ಕುಲುಮೆಯಲ್ಲಿ ನಳಿಗೆ ಬದಲಿಸುವುದು ಕಾನೂನಿಗೂ ಪ್ರಾಣಕ್ಕೂ ಎರವು ಎಂಬುದನ್ನು ಹೇಳಲೇಬೇಕು. ಸೈನ್ಯದ .303 ಸಾಮಾನ್ಯರಿಗೆ ನಿಷಿದ್ಧವಾದ್ದರಿಂದಲೇ ಇಛಾಪುರದ ಸರ್ಕಾರಿ ಕಾರ್ಖಾನೆ ಅದೇ ಮಾದರಿಯ ಕೋವಿಗೆ .315 ನಳಿಗೆ ಹಾಕಿ ನಾಗರಿಕರಿಗೆ ಮಾರಿತು. ದೊರೆಗಳು ಹೋದರೂ ಅವರ ಲೆಕ್ಕಾಚಾರ ಉಳಿಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಶಿಕಾರಿಯ ಕಾಲ ಮುಗಿಯಿತು. ಮರುವರ್ಷ ಬಂಡೀಪುರ ಹುಲಿ ಯೋಜನೆಗೆ ಸೇರಿತು. ದಶಕಗಳ ಕಾಲ ರಾಜಮಹಾರಾಜರ ಹುಲಿ ಚಿರತೆಗಳಿಗೆ ಹೊಟ್ಟು ತುಂಬಿಕೊಟ್ಟ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ 1990ರ ದಶಕದ ಕೊನೆಯಲ್ಲಿ ಮುಚ್ಚಿತು. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಕಾಡಂಚಿನ ರೈತರಿಗೆ ಮಾತ್ರ ಆನೆ, ಹುಲಿಗಳ ಕಾಟ ಮುಗಿದಿಲ್ಲ. ಅವರು ಪಟಾಕಿ ಸಿಡಿಸುತ್ತಾರೆ, ಅರಣ್ಯ ಇಲಾಖೆ ಕಂದಕ ತೋಡಿಸುತ್ತದೆ. ಈಚೆಗೆ ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲಿ ರೈಲ್ವೆಯ ಹಳೆಯ ಕಂಬಿಗಳನ್ನು ನೆಟ್ಟು ತಡೆಗೋಡೆ ಕಟ್ಟುತ್ತಿದ್ದಾರೆ. ಅದನ್ನೂ ದಾಟುವ ಉಪಾಯವನ್ನು ಕೆಲವು ಆನೆಗಳು ಕಲಿತಿವೆ.