ಮಾನವಶಾಸ್ತ್ರ ಓದಿದವರಿಗೆ ಎಲ್ಲೆಲ್ಲಿ ಕೆಲಸ?

ಮನುಷ್ಯನ ದೇಹ, ಭಾಷೆ, ಪ್ರಾಚೀನ ಬದುಕು, ಇಂದಿನ ಸಮಾಜ ಇಷ್ಟನ್ನೂ ಒಟ್ಟಿಗೆ ಓದಿಸುವ ವಿಷಯ ಮಾನವಶಾಸ್ತ್ರ. ಮೈಸೂರು ಮತ್ತು ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಇದರ ಸ್ನಾತಕೋತ್ತರ ವಿಭಾಗಗಳಿವೆ. ಆದರೆ ನೌಕರಿ ಜಾಹೀರಾತುಗಳಲ್ಲಿ ‘ಮಾನವಶಾಸ್ತ್ರಜ್ಞರು ಬೇಕಾಗಿದ್ದಾರೆ’ ಎಂಬ ಸಾಲು ಕಾಣುವುದೇ ಅಪರೂಪ. ಕೆಲಸವೇನೋ ಇರುತ್ತದೆ, ಬೇರೆ ಹೆಸರಿನಲ್ಲಿ.

ಕಲಿಯುವುದೇನು?

ಕ್ಷೇತ್ರಕಾರ್ಯವೇ ಈ ಓದಿನ ಜೀವ. ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದಕ್ಕೆ ಹೋಗಿ ನೆಲೆಸಿದರು. ಅದಕ್ಕೆ ಬರವಣಿಗೆಯಲ್ಲಿ ‘ರಾಂಪುರ’ ಎಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬಿದ್ದ ಬೆಂಕಿಗೆ ಅವರು ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಬಹುಪಾಲು ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು.

ಹೀಗೆ ಜನರ ನಡುವೆ ಇದ್ದು ಕಲಿಯುವುದೇನು ಎಂಬುದಕ್ಕೆ ‘ಮನೆಯಲ್ಲಿ ಎಷ್ಟು ಜನ?’ ಎಂಬ ಪ್ರಶ್ನೆಯನ್ನೇ ನೋಡಿ. ಒಂದೇ ಸೂರಿನಡಿ ಅಣ್ಣತಮ್ಮಂದಿರ ಎರಡು ಒಲೆ ಉರಿಯುತ್ತಿದ್ದರೆ ಲೆಕ್ಕ ಒಂದು ಮನೆಯೋ, ಎರಡೋ? ಜನಗಣತಿ ಒಲೆಯನ್ನು ನೋಡುತ್ತದೆ. ಮನೆಯ ಅಜ್ಜಿ ಎಲ್ಲರನ್ನೂ ಸೇರಿಸಿ ಹೇಳುತ್ತಾಳೆ. ಈ ಅಂತರ ಕಣ್ಣಿಗೆ ಬೀಳುವವರು ಯಾವುದೇ ಸಮೀಕ್ಷೆಗೆ ಬೇಕು.

ಸರ್ಕಾರಿ ವಲಯ

ಮೊದಲ ಹೆಸರು 1945ರಲ್ಲಿ ಆರಂಭವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯದು. ಕೇಂದ್ರ ಕಚೇರಿ ಕೋಲ್ಕತ್ತದಲ್ಲಿ, ದಕ್ಷಿಣದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿ. ಕೆ.ಎಸ್. ಸಿಂಗ್ ಮುಂದಾಳತ್ವದಲ್ಲಿ 1985ರಲ್ಲಿ ಶುರುವಾದ ಅದರ ‘ಪೀಪಲ್ ಆಫ್ ಇಂಡಿಯಾ’ ಯೋಜನೆ 4,635 ಸಮುದಾಯಗಳನ್ನು ದಾಖಲಿಸಿತು. ಇದೇ ಸಂಸ್ಥೆಯ ಮಧುಮಾಲಾ ಚಟ್ಟೋಪಾಧ್ಯಾಯ 1991ರ ಜನವರಿಯಲ್ಲಿ ಅಂಡಮಾನಿನ ಸೆಂಟಿನೆಲ್ ದ್ವೀಪದ ಜನರಿಗೆ ನೀರಿನಲ್ಲಿ ನಿಂತು ತೆಂಗಿನಕಾಯಿ ಕೊಟ್ಟ ತಂಡದಲ್ಲಿದ್ದರು.

ಇಂಥ ಹುದ್ದೆಗಳು ಬೆರಳೆಣಿಕೆಯಷ್ಟು. ಮೈಸೂರಿನ ಬುಡಕಟ್ಟು ಸಂಶೋಧನಾ ಸಂಸ್ಥೆ ಮತ್ತು ವಸ್ತುಸಂಗ್ರಹಾಲಯಗಳಲ್ಲೂ ಅವಕಾಶಗಳಿವೆ. ಐಎಎಸ್ ಪರೀಕ್ಷೆಗೆ ಇದು ಜನಪ್ರಿಯ ಐಚ್ಛಿಕ ವಿಷಯ ನಿಜ. ಅದನ್ನು ಎಂಜಿನಿಯರುಗಳೂ ಆರಿಸಿಕೊಳ್ಳಬಹುದಾದ್ದರಿಂದ ಪದವೀಧರರಿಗೆ ವಿಶೇಷ ಹಕ್ಕೇನಿಲ್ಲ.

ಕಂಪನಿಗಳಲ್ಲಿ

ಹಸಿರು ಗುಂಡಿ ಒತ್ತಿದರೆ ಸಾಕು, ನಕಲು ಬರುತ್ತದೆ ಎಂದು ಜೆರಾಕ್ಸ್ ಕಂಪನಿ ಜಾಹೀರಾತು ಕೊಡುತ್ತಿದ್ದ ಕಾಲ. ಅಲ್ಲಿದ್ದ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್, ಹೆಸರಾಂತ ಕಂಪ್ಯೂಟರ್ ವಿಜ್ಞಾನಿಗಳಿಬ್ಬರು ಹಾಳೆಯ ಎರಡೂ ಬದಿಗೆ ಪ್ರತಿ ತೆಗೆಯಲು ಆ ಯಂತ್ರದ ಮುಂದೆ ತಿಣುಕಾಡುವುದನ್ನು ಚಿತ್ರೀಕರಿಸಿದರು. ತಪ್ಪು ಬಳಸುವವರದಲ್ಲ, ಯಂತ್ರದ್ದು ಎಂಬುದು ಬಯಲಾಯಿತು. ಇಂದು ಬೆಂಗಳೂರಿನ ಕಂಪನಿಗಳು ‘ಯೂಸರ್ ರಿಸರ್ಚರ್’ ಎಂದು ಕರೆಯುವ ಹುದ್ದೆಯ ಬೇರು ಇಂಥ ಕೆಲಸದಲ್ಲಿದೆ. ಸಂಬಳದ ದೃಷ್ಟಿಯಿಂದ ಗಮನಿಸಬೇಕಾದ ದಾರಿ ಇದು.

ಆರೋಗ್ಯ, ಅಸ್ಥಿ

2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದಾಗ ಶವಕ್ಕೆ ಸ್ನಾನ ಮಾಡಿಸುವ ಪದ್ಧತಿಯಿಂದಲೂ ಸೋಂಕು ಹರಡುತ್ತಿತ್ತು. ಸಿಬ್ಬಂದಿ ಶವವನ್ನು ಕಸಿದೊಯ್ದಂತೆ ಒಯ್ದರೆ ಊರವರು ರೋಗಿಗಳನ್ನೇ ಬಚ್ಚಿಡುತ್ತಿದ್ದರು. ಮನೆಯವರು ದೂರದಿಂದ ನೋಡಿ ಪ್ರಾರ್ಥಿಸುವಂತೆ ಸಂಸ್ಕಾರದ ಕ್ರಮವನ್ನು ತಿದ್ದುವಲ್ಲಿ ಮಾನವಶಾಸ್ತ್ರಜ್ಞರ ಪಾಲು ದೊಡ್ಡದು. ದೈಹಿಕ ಮಾನವಶಾಸ್ತ್ರ ಓದಿದವರಿಗೆ ವಿಧಿವಿಜ್ಞಾನದ ದಾರಿಯೂ ಉಂಟು: ಮೂಳೆ ನೋಡಿ ವಯಸ್ಸು, ಲಿಂಗ, ಎತ್ತರ ಅಂದಾಜಿಸುವ ಕೆಲಸ. ಅರ್ಜೆಂಟೀನಾದಲ್ಲಿ ಸೇನಾ ಆಡಳಿತ ಕಣ್ಮರೆ ಮಾಡಿದವರನ್ನು ಗುರುತಿಸಲು ಇದೇ ಕ್ಷೇತ್ರದ ತಜ್ಞ ಕ್ಲೈಡ್ ಸ್ನೋ 1984ರಿಂದ ವಿದ್ಯಾರ್ಥಿಗಳನ್ನು ತಯಾರು ಮಾಡಿದರು.

ತಯಾರಿ

ಅಧ್ಯಾಪಕರಾಗಲು ನೆಟ್ ಅಥವಾ ಪಿಎಚ್.ಡಿ. ಬೇಕು. ಉಳಿದ ಕಡೆ ಸಂಖ್ಯಾಶಾಸ್ತ್ರ, ಸಾರ್ವಜನಿಕ ಆರೋಗ್ಯ, ನಕಾಶೆ ತಂತ್ರಾಂಶ ಇವುಗಳಲ್ಲೊಂದನ್ನು ಜೊತೆಗೆ ಕಲಿತವರಿಗೆ ಬೇಗ ಕರೆ ಬರುತ್ತದೆ. ಎಚ್.ಡಿ. ಕೋಟೆಯ ಬುಡಕಟ್ಟು ಹಾಡಿಗಳಲ್ಲಿ ಕೆಲಸ ಮಾಡಬೇಕೆಂದಿದ್ದರೆ ಪ್ರಬಂಧದ ವರ್ಷದಲ್ಲೇ ಜೇನು ಕುರುಬರ ನುಡಿಯನ್ನು ಕಲಿಯತೊಡಗಿ. ಪದವಿ ಕೈಗೆ ಬಂದ ಮೇಲೆ ಅಷ್ಟು ಬಿಡುವು ಸಿಗದು.