ಬ್ಯಾಟರಿ ವೈರ್ ತೆಗೆದು ಹಾಕಿದರೆ ‘ಚೆಕ್ ಎಂಜಿನ್’ ಸಮಸ್ಯೆ ಹೋಗುತ್ತದೆಯೇ?

ಹಳೆಯ ಕಾರು ಇಟ್ಟುಕೊಂಡವರ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಸುತ್ತುವ ಸಲಹೆ ಒಂದಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಹೊತ್ತಿಕೊಂಡರೆ ಗ್ಯಾರೇಜಿಗೆ ದುಡ್ಡು ಸುರಿಯಬೇಡಿ, ಬ್ಯಾಟರಿಯ ನೆಗೆಟಿವ್ ವೈರ್ ಹತ್ತು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ, ಲೈಟ್ ಆರಿಹೋಗುತ್ತದೆ ಎಂಬುದು ಅದರ ಸಾರ. ಮಾಡಿ ನೋಡಿದವರು “ನನ್ನ ಕಾರಿನಲ್ಲೂ ಆರಿತು” ಎಂದು ಸಾಕ್ಷಿ ಹೇಳುವುದೂ ಉಂಟು. ಹಾಗಾದರೆ ಇದು ನಿಜವೇ? ಬನ್ನಿ, ನೋಡೋಣ.

ಲೈಟ್ ಆರುವುದು ನಿಜ, ಏಕೆ?

ಕಾರಿನ ಕಂಪ್ಯೂಟರ್ (ಇಸಿಯು) ಎಂಜಿನ್ನಿನ ಸೆನ್ಸರ್‌ಗಳನ್ನು ಸದಾ ಗಮನಿಸುತ್ತಿರುತ್ತದೆ. ಈ ವ್ಯವಸ್ಥೆಯ ಹೆಸರು ಒಬಿಡಿ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಒಬಿಡಿ-2 ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್-4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ದೋಷ ಕಂಡರೆ ಕಂಪ್ಯೂಟರ್ ಒಂದು ಕೋಡ್ ಬರೆದಿಟ್ಟುಕೊಂಡು ಲೈಟ್ ಹೊತ್ತಿಸುತ್ತದೆ. ಅನೇಕ ಹಳೆಯ ಕಾರುಗಳಲ್ಲಿ ಬ್ಯಾಟರಿ ತೆಗೆದರೆ ಈ ಬರಹ ಅಳಿಸಿಹೋಗುತ್ತದೆ, ಲೈಟೂ ಆರುತ್ತದೆ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ಆದರೂ ಲೈಟ್ ಕೂಡಲೇ ಮತ್ತೆ ಬರುವುದಿಲ್ಲವಲ್ಲ? ಜನ ಮೋಸ ಹೋಗುವುದು ಇಲ್ಲೇ. ಒಮ್ಮೆ ಏನೋ ಏರುಪೇರಾದ ಮಾತ್ರಕ್ಕೆ ಕಂಪ್ಯೂಟರ್ ಗಾಬರಿಯಾಗುವುದಿಲ್ಲ. ಹೆಚ್ಚಿನ ದೋಷಗಳು ಎರಡು ಓಡಾಟಗಳಲ್ಲಿ ಕಂಡುಬಂದ ಮೇಲಷ್ಟೇ ಲೈಟ್ ಹೊತ್ತುತ್ತದೆ. ಕೆಲವು ಪರೀಕ್ಷೆಗಳು ಎಂಜಿನ್ ಪೂರ್ತಿ ಬಿಸಿಯಾಗಿ, ಕಾರು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿದರೆ ಮಾತ್ರ ನಡೆಯುತ್ತವೆ. ಮನೆಯಿಂದ ಮಾರ್ಕೆಟ್ಟಿಗಷ್ಟೇ ಹೋಗಿಬರುವ ಕಾರಿನಲ್ಲಿ ಇದಕ್ಕೆ ವಾರವೇ ಬೇಕಾಗಬಹುದು. ಆ ವಾರದಲ್ಲಿ ‘ಸರಿಹೋಯಿತು’ ಎಂಬ ಸಂದೇಶ ಹತ್ತು ಗ್ರೂಪುಗಳಿಗೆ ಹೋಗಿರುತ್ತದೆ!

ಅಳಿಸಿದರೆ ನಷ್ಟವೇನು?

ಕೋಡ್ ಜೊತೆಗೆ ದೋಷ ಕಂಡ ಕ್ಷಣದ ವಿವರವನ್ನೂ ಕಂಪ್ಯೂಟರ್ ಉಳಿಸಿಕೊಳ್ಳುತ್ತದೆ. ಎಂಜಿನ್ ಎಷ್ಟು ಬಿಸಿಯಿತ್ತು, ಕಾರಿನ ವೇಗ ಎಷ್ಟಿತ್ತು, ಎಂಜಿನ್ ಮೇಲೆ ಎಷ್ಟು ಭಾರವಿತ್ತು ಎಂಬುದೆಲ್ಲ ಅಲ್ಲಿರುತ್ತದೆ. ಇದಕ್ಕೆ ‘ಫ್ರೀಜ್ ಫ್ರೇಮ್’ ಎನ್ನುತ್ತಾರೆ. ಪದೇ ಪದೇ ಬಂದು ಹೋಗುವ ದೋಷ ಹಿಡಿಯಲು ಮೆಕ್ಯಾನಿಕ್‌ಗೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಬ್ಯಾಟರಿ ತೆಗೆದರೆ ಇದೂ ಹೋಗುತ್ತದೆ. ಗಡಿಯಾರ, ರೇಡಿಯೊ ಸೆಟ್ಟಿಂಗ್‌ಗಳು ಹೋಗುವುದು ಬೇರೆ.

ಕೋಡ್ ಎಂದರೆ ಹಾಳಾದ ಬಿಡಿಭಾಗದ ಹೆಸರೇ?

ಅಲ್ಲ. ಅನೇಕರು ದುಡ್ಡು ಕಳೆದುಕೊಳ್ಳುವುದು ಈ ತಪ್ಪು ತಿಳುವಳಿಕೆಯಿಂದ. ಕೋಡ್ ರೋಗದ ಲಕ್ಷಣವನ್ನು ಹೇಳುತ್ತದೆ, ಕಾರಣವನ್ನು ನಾವು ಹುಡುಕಬೇಕು.

ಉದಾಹರಣೆಗೆ ಪೆಟ್ರೋಲ್ ಕಾರಿನಲ್ಲಿ ಪಿ0301 ಎಂಬ ಕೋಡ್ ಬಂತು ಎನ್ನೋಣ. ಒಂದನೇ ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದು ಇದರರ್ಥ. ಗ್ಯಾರೇಜಿನ ಭಾಷೆಯಲ್ಲಿ ಎಂಜಿನ್ ‘ಮಿಸ್ಸಿಂಗ್’ ಹೊಡೆಯುತ್ತಿದೆ. ಕಾರಣ ಸ್ಪಾರ್ಕ್ ಪ್ಲಗ್ ಇರಬಹುದು, ಇಗ್ನಿಷನ್ ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು, ಕಂಪ್ರೆಷನ್ ಕಡಿಮೆಯಾಗಿರಬಹುದು. ಹಳೆಯ ಕಾರುಗಳಲ್ಲಿ ಮೇಲಿನ ಗ್ಯಾಸ್ಕೆಟ್ ಸವೆದು ಪ್ಲಗ್ ಕೂರುವ ಗುಳಿಗೆ ಆಯಿಲ್ ಇಳಿದಿರುವುದೂ ಉಂಟು.

ಎಲ್ಲವನ್ನೂ ಬದಲಿಸಬೇಕೇ? ಬೇಡ. ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್ ಇರುವ ಕಾರಾದರೆ, ಎಂಜಿನ್ ಆರಿಸಿ ತಣ್ಣಗಾದ ಮೇಲೆ ಒಂದನೇ ಸಿಲಿಂಡರ್‌ನ ಕಾಯಿಲನ್ನು ಎರಡನೆಯದಕ್ಕೂ, ಎರಡನೆಯದನ್ನು ಒಂದನೆಯದಕ್ಕೂ ಹಾಕಿ, ಕೋಡ್ ಅಳಿಸಿ, ಓಡಿಸಿ ನೋಡಬೇಕು. ಕೋಡ್ ಪಿ0302 ಆಗಿ ಬದಲಾದರೆ ಕಾಯಿಲ್ ಹಾಳಾಗಿದೆ. ಪಿ0301 ಆಗಿಯೇ ಉಳಿದರೆ ಕಾಯಿಲ್ ಸರಿಯಿದೆ, ಪ್ಲಗ್‌ನಿಂದ ಮುಂದಕ್ಕೆ ಹುಡುಕಬೇಕು. ಹೊಸ ಬಿಡಿಭಾಗ ಕೊಳ್ಳದೆ ಮಾಡಬಹುದಾದ ಪರೀಕ್ಷೆ ಇದು. ನಿಮ್ಮ ಮೆಕ್ಯಾನಿಕ್ ಬಳಿ ಕೇಳಿ ಮಾಡಿಸಿ.

ಲೈಟ್ ಮಿನುಗುತ್ತಿದ್ದರೆ?

ಇದನ್ನು ಮಾತ್ರ ನಿರ್ಲಕ್ಷಿಸಬೇಡಿ. ಹಳದಿ ಲೈಟ್ ಸ್ಥಿರವಾಗಿ ಹೊತ್ತಿದ್ದು, ಕಾರು ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ತನಕ ಹೋಗಬಹುದು. ಮಿನುಗುತ್ತಿದ್ದರೆ ಮಿಸ್ಸಿಂಗ್ ಜೋರಾಗಿದೆ ಎಂದರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಆ ಕಾವಿಗೆ ಅದರೊಳಗಿನ ಜೇನುಗೂಡಿನಂಥ ಭಾಗ ಕರಗಿಹೋಗಬಹುದು. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳಿರುವುದರಿಂದ ಅದು ಬಲು ದುಬಾರಿ. ಒಂದು ಪ್ಲಗ್‌ನಲ್ಲಿ ಮುಗಿಯಬೇಕಿದ್ದ ಖರ್ಚು ಎಲ್ಲಿಗೋ ಹೋಗುತ್ತದೆ. ಮಿಸ್ಸಿಂಗ್ ಸರಿಪಡಿಸದೆ ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಹಾಳಾಗಬಹುದು. ಹಾಗಾಗಿ ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಎಣ್ಣೆ ಡಬ್ಬಿಯ ಚಿತ್ರದ ಅಥವಾ ಎಂಜಿನ್ ತಾಪದ ಕೆಂಪು ಲೈಟ್ ಬೇರೆಯದು. ಅದು ಬಂದರೆ ಕೂಡಲೇ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು.

ಪೆಟ್ರೋಲ್ ಮುಚ್ಚಳ ಬಿಗಿ ಮಾಡಿದರೆ ಸಾಕೇ?

ಇದು ಇನ್ನೊಂದು ಜನಪ್ರಿಯ ಸಲಹೆ. ಅಮೆರಿಕದ ಕಾರುಗಳಲ್ಲಿ ಟ್ಯಾಂಕಿನ ಆವಿ ಸೋರುವುದನ್ನು ಕಂಪ್ಯೂಟರ್ ಪತ್ತೆಹಚ್ಚಲೇಬೇಕೆಂಬ ನಿಯಮವಿದೆ, ಹಾಗಾಗಿ ಅಲ್ಲಿ ಸಡಿಲ ಮುಚ್ಚಳಕ್ಕೂ ಲೈಟ್ ಬರುತ್ತದೆ. ನಮ್ಮ ನಿಯಮಗಳು ಯುರೋಪಿನ ಮಾದರಿಯವು, ಇಲ್ಲಿಯ ಹೆಚ್ಚಿನ ಹಳೆಯ ಕಾರುಗಳಿಗೆ ಈ ಸಲಹೆ ಅನ್ವಯಿಸುವುದಿಲ್ಲ.

ಮತ್ತೆ ಮತ್ತೆ ಬಂದರೆ ಏನು ಮಾಡಬೇಕು?

• ಅಳಿಸುವ ಮೊದಲು ಸ್ಕ್ಯಾನರ್ ಹಾಕಿಸಿ. ಸ್ಟೀರಿಂಗ್ ಕೆಳಗಿನ 16 ಪಿನ್‌ನ ಸಾಕೆಟ್‌ಗೆ ಅದನ್ನು ಚುಚ್ಚುತ್ತಾರೆ. ಕೋಡ್ ಮತ್ತು ಫ್ರೀಜ್ ಫ್ರೇಮ್ ಎರಡರ ಫೋಟೊವನ್ನೂ ನಿಮ್ಮ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.
• ಲೈಟ್ ಬಂದಾಗಲೆಲ್ಲ ದಿನಾಂಕ, ಕಿಲೋಮೀಟರ್, ಆಗಿನ ಸ್ಥಿತಿ ಬರೆದಿಡಿ. ಮಳೆಯಲ್ಲಷ್ಟೇ ಬರುತ್ತದೆಯೇ? ಬಿರುಕು ಬಿಟ್ಟ ಕಾಯಿಲ್‌ಗೆ ತೇವ ತಗುಲುತ್ತಿರಬಹುದು. ಘಾಟಿ ಹತ್ತುವಾಗ ಮಾತ್ರವೇ? ಸವೆದ ಪ್ಲಗ್ ಅಥವಾ ಸೋತ ಕಾಯಿಲ್ ಭಾರ ಬಿದ್ದಾಗಲೇ ಕೈಕೊಡುತ್ತದೆ.
• “ಸೆನ್ಸರ್ ಬದಲಿಸಬೇಕು” ಎಂದರೆ, ಏನು ಪರೀಕ್ಷಿಸಿ ಹಾಗೆ ಹೇಳಿದಿರಿ ಎಂದು ವಿನಯದಿಂದಲೇ ಕೇಳಿ.
• ರಿಪೇರಿಯಾದ ಮೇಲೆ ಸತತ ಮೂರು ಓಡಾಟಗಳಲ್ಲಿ ದೋಷ ಕಾಣದಿದ್ದರೆ ಲೈಟ್ ಸಾಮಾನ್ಯವಾಗಿ ತಾನೇ ಆರುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಒಂದು ಮಾತು. ಲೈಟ್ ಇಲ್ಲ ಎಂದಷ್ಟೇ ನೋಡಿ ಮುಂಗಡ ಕೊಡಬೇಡಿ. ಸ್ಕ್ಯಾನರ್‌ನಲ್ಲಿ ‘ರೆಡಿನೆಸ್’ ಎಂಬ ಪುಟ ತೆರೆಸಿ ನೋಡಿ. ಅಲ್ಲಿ ಹಲವು ಪರೀಕ್ಷೆಗಳು ಅಪೂರ್ಣ ಎಂದಿದ್ದರೆ ಇತ್ತೀಚೆಗೆ ಕೋಡ್ ಅಳಿಸಿರಬಹುದು ಅಥವಾ ಬ್ಯಾಟರಿ ತೆಗೆದಿರಬಹುದು. ಹೊಸ ಬ್ಯಾಟರಿ ಹಾಕಿಸಿದ್ದರೂ ಹೀಗಾಗುತ್ತದೆ, ಆದ್ದರಿಂದ ಬಿಲ್ ಕೇಳಿ. ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ ನಿರ್ಧರಿಸಿ.

ಒಟ್ಟಿನಲ್ಲಿ, ಬ್ಯಾಟರಿ ವೈರ್ ತೆಗೆದರೆ ಲೈಟ್ ಆರುತ್ತದೆ ಎಂಬುದು ಅರ್ಧಸತ್ಯ. ಸಮಸ್ಯೆ ಬಗೆಹರಿಯುತ್ತದೆ ಎಂಬುದು ಸುಳ್ಳು. ಆ ಸಂದೇಶ ನಿಮ್ಮ ಗ್ರೂಪಿಗೂ ಬಂದರೆ, ‘ಮೊದಲು ಕೋಡ್ ಫೋಟೊ ತೆಗೆದುಕೊಳ್ಳಿ’ ಎಂಬ ಒಂದು ಸಾಲನ್ನು ಕೆಳಗೆ ಸೇರಿಸಿ. ಯಾರದೋ ಕಾರು ಮತ್ತು ದುಡ್ಡು ಎರಡೂ ಉಳಿದೀತು.